ಪಪ್ಪಾಯಿಯೊಳಗೆ ವೈರಸ್ಸಿನ ಬಾಯಿ ಕಟ್ಟುವುದು ಹೇಗೆ?

ಎರಡೆಳೆಯ ಆರ್‌ಎನ್‌ಎ ಕಂಡರೆ ಸಸ್ಯಕೋಶ ಸುಮ್ಮನಿರುವುದಿಲ್ಲ. ಡೈಸರ್ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ (ಅಂದರೆ ನ್ಯೂಕ್ಲಿಯೊಟೈಡ್‌ಗಳ) ಚೂರು ಮಾಡುತ್ತದೆ. ಆರ್ಗೊನಾಟ್ ಪ್ರೋಟೀನ್ ಒಂದೊಂದು ಚೂರನ್ನು ಹಿಡಿದು, ಅದಕ್ಕೆ ಜೋಡಿಯಾಗುವ ಆರ್‌ಎನ್‌ಎಯನ್ನು ಸಿಕ್ಕಲ್ಲಿ ಕತ್ತರಿಸುತ್ತದೆ. ಜೀನ್ ಸೈಲೆನ್ಸಿಂಗ್ ಎಂದರೆ ಇಷ್ಟೇ. ಪಪ್ಪಾಯಿಯ ಉಂಗುರ ಚುಕ್ಕೆ ರೋಗದ ವೈರಸ್ಸಿನ ಜೀನೋಮೇ ಆರ್‌ಎನ್‌ಎ ಆದ್ದರಿಂದ ಈ ಕತ್ತರಿ ನೇರವಾಗಿ ಅದರ ಮೇಲೇ ಬೀಳುತ್ತದೆ. ನಮ್ಮ ಕೆಲಸ ಇಷ್ಟು: ವೈರಸ್ಸಿನದೇ ಒಂದು ತುಣುಕನ್ನು ಎರಡೆಳೆಯ ಆರ್‌ಎನ್‌ಎ ಆಗುವಂತೆ ಗಿಡದೊಳಗೆ ಕೂರಿಸುವುದು.

ಹಂತ 1: ತುಣುಕಿನ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ಡೇಟಾಬೇಸಿನಲ್ಲಿ ಸಿಕ್ಕ ಹವಾಯಿಯ ವೈರಸ್ ಸರಣಿಯನ್ನೇ ನಂಬಿ ಕೂರಬೇಡಿ. 1998ರಲ್ಲಿ ಹವಾಯಿಯ ರೈತರಿಗೆ ಸಿಕ್ಕ ‘ರೇನ್‌ಬೋ’ ಎಂಬ ಕುಲಾಂತರಿ ಪಪ್ಪಾಯಿ ಅಲ್ಲಿನ ವೈರಸ್ಸನ್ನು ತಡೆಯಿತು, ಹೊರದೇಶದ ಹಲವು ವೈರಸ್ ತಳಿಗಳ ಮುಂದೆ ಸೋತಿತು. ಕಾರಣ, ಅಕ್ಷರಗಳು ಹೊಂದಲಿಲ್ಲ. ಅಂಕೋಲಾ, ಕುಮಟಾ ಕಡೆಯ ತೋಟಕ್ಕೆ ಗಿಡ ಬೇಕೆಂದರೆ ಅಲ್ಲಿನದೇ ರೋಗದ ಎಳೆ ಎಲೆ ತರಬೇಕು, ಅದೂ ಹಲವು ತೋಟಗಳಿಂದ, ಮಂಜುಗಡ್ಡೆಯಲ್ಲಿಟ್ಟು. ಆರ್‌ಎನ್‌ಎ ಹೊರತೆಗೆಯುವ ಅಗ್ಗದ ಕಾಲಂ ಕಿಟ್ ಪಪ್ಪಾಯಿ ಎಲೆಯ ಲೋಳೆಗೆ ಕಟ್ಟಿಕೊಳ್ಳುತ್ತದೆ, ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನವೇ ಲೇಸು. ವೈರಸ್ಸಿನ ಹೊದಿಕೆ ಪ್ರೋಟೀನಿನ ಜೀನ್ ಓದಿಸಿ, ಎಲ್ಲ ಸರಣಿಗಳನ್ನು ಒಂದರ ಕೆಳಗೊಂದು ಜೋಡಿಸಿ. ಆರಂಭದ ಭಾಗ ತಳಿಯಿಂದ ತಳಿಗೆ ಬದಲಾಗುವುದರಿಂದ ಅದನ್ನು ಬಿಟ್ಟು, ಎಲ್ಲದರಲ್ಲೂ ಒಂದೇ ಆಗಿರುವ 300–500 ಅಕ್ಷರ ಆರಿಸಿ. ಅದರಲ್ಲಿ ಸತತ 21 ಅಕ್ಷರ ಪಪ್ಪಾಯಿಯ ಯಾವ ಜೀನಿಗೂ ತಾಳೆಯಾಗಕೂಡದು. ತಾಳೆಯಾದರೆ ಗಿಡದ ಸ್ವಂತ ಜೀನೇ ಮೂಕವಾಗಬಹುದು.

ಹಂತ 2: ಹೇರ್‌ಪಿನ್. ತುಣುಕು ನೇರವಾಗಿ, ನಡುವೆ ಇಂಟ್ರಾನ್ (ಕೋಶ ಆಮೇಲೆ ಕತ್ತರಿಸಿ ತೆಗೆಯುವ ಭಾಗ), ಮತ್ತೆ ಅದೇ ತುಣುಕು ತಿರುವುಮುರುವಾಗಿ. ಆಗ ಆರ್‌ಎನ್‌ಎ ದೇವಿಮನೆ ಘಟ್ಟದ ತಿರುವಿನಂತೆ ಮಡಚಿಕೊಂಡು ಎರಡೆಳೆಯಾಗುತ್ತದೆ. ಅಕ್ಷರಗಳನ್ನು ಬರೀ ಹಿಂದುಮುಂದಾಗಿ ಬರೆದು ತಯಾರಿಕೆಗೆ ಕಳಿಸಿದರೆ ದಂಡ, ಅದಕ್ಕೆ ಜೋಡಿಯಾಗುವ ಪೂರಕ ಎಳೆಯೇ ಬೇಕು. ಇಂಟ್ರಾನ್ ಬಿಡುವ ಒಳದಾರಿಯೂ ಬೇಡ: ಅಂಟಿಕೊಂಡಿರುವ ತಿರುವುಮುರುವು ತುಣುಕುಗಳನ್ನು ಇ.ಕೋಲಿ ಬ್ಯಾಕ್ಟೀರಿಯಾ ಕಳಚಿ ಹಾಕುತ್ತದೆ.

ಹಂತ 3: ಜೀನನ್ನು ಚಾಲೂ ಮಾಡುವ 35ಎಸ್ ಪ್ರಮೋಟರ್ ಸೇರಿಸಿ, ಸಸ್ಯಕ್ಕೆ ಡಿಎನ್‌ಎ ದಾಟಿಸಬಲ್ಲ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮೂಲಕ ಪಪ್ಪಾಯಿಯ ಭ್ರೂಣ ಅಂಗಾಂಶಕ್ಕೆ ದಾಟಿಸಿ, ಗಿಡ ಎಬ್ಬಿಸಿ.

ಹಂತ 4: ಪರೀಕ್ಷೆ. ಹೇರ್‌ಪಿನ್ ಜೀನಿನ ಒಂದೇ ಪ್ರತಿ ಕೂತ ಗಿಡ ಇಟ್ಟುಕೊಳ್ಳಿ. ಹಲವು ಪ್ರತಿಗಳಿದ್ದರೆ ಪ್ರಮೋಟರಿಗೆ ಮಿಥೈಲ್ ಎಂಬ ರಾಸಾಯನಿಕ ಗುರುತು ಅಂಟಿ ಹೇರ್‌ಪಿನ್ನೇ ಮೂಕವಾಗುವುದುಂಟು. ಆರ್‌ಎನ್‌ಎ ಪತ್ತೆಹಚ್ಚುವ ನಾರ್ದರ್ನ್ ಬ್ಲಾಟ್ ಪರೀಕ್ಷೆಯಲ್ಲಿ 21–24 ಅಕ್ಷರಗಳ ಪಟ್ಟಿ ಕಾಣದ ಗಿಡ ಎಸೆಯಿರಿ. ವೈರಸ್ ಹಚ್ಚಿ ಕ್ಯುಪಿಸಿಆರ್ (ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡುವಾಗ ಪ್ರೈಮರ್, ಅಂದರೆ ಅಳೆಯುವ ಭಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ಚೂರು, ಕಡ್ಡಾಯವಾಗಿ ಆರಿಸಿದ ತುಣುಕಿನ ಹೊರಗಿರಲಿ, ಇಲ್ಲವಾದರೆ ನಿಮ್ಮದೇ ಹೇರ್‌ಪಿನ್ ಲೆಕ್ಕಕ್ಕೆ ಬಂದು ಆರೋಗ್ಯದ ಗಿಡವನ್ನೂ ರೋಗಿ ಎನ್ನುತ್ತದೆ. ಇದೆಲ್ಲ ವೈರಸ್ ಹರಡುವ ಸಸ್ಯಹೇನು ನುಸುಳದ ಬಲೆಮನೆಯೊಳಗೆ ನಡೆಯಬೇಕು. ಕುಲಾಂತರಿ ಬೆಳೆಗಳಿಗೆ ಅನುಮತಿ ಕೊಡುವ ಕೇಂದ್ರ ಸಮಿತಿ ಜಿಇಎಸಿಯ ಒಪ್ಪಿಗೆ ಇಲ್ಲದೆ ಒಂದು ಸಸಿಯೂ ತೋಟಕ್ಕೆ ಹೋಗಬಾರದು.