ಓಡುವ ಎಂಜಿನ್‌ನಲ್ಲಿ ನಿಂತು ಕಂಡ ಕ್ಯಾಮ್

ನನ್ನದು ಕಾರ್ಬ್ಯುರೇಟರ್ ಇರುವ ಹಳೆ ಕಾರು. ಎಂಜಿನ್ ಬಿಸಿಯಾದ ಮೇಲೂ ‘ಟಕ್ ಟಕ್’ ಸದ್ದು ಹೋಗುತ್ತಿರಲಿಲ್ಲ. ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಗ್ಯಾಪಿನ ತೊಂದರೆ ಇರಬೇಕು ಅನ್ನಿಸಿತು. ಆದರೆ ಸುಮ್ನೆ ಊಹೆ ಮಾಡಿ ಬಿಚ್ಚಲು ಮನಸ್ಸಾಗಲಿಲ್ಲ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಇಣುಕಿದೆ. ಎಲ್ಲ ಮಸುಕು ಮಸುಕು. ಆಗ ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಮಿಂಚುವ ದೀಪ, ಟೈಮಿಂಗ್ ಲೈಟ್ ನೆನಪಾಯಿತು. ಅದರ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ ಬೆಳಕು ಬಿಟ್ಟೆ. ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್, ಕಣ್ಣಿಗೆ ಅಲ್ಲೇ ನಿಂತುಬಿಟ್ಟಿತು! ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು. ಆ ಪ್ಲಗ್‌ಗೆ ಕಿಡಿ ಬರುವುದೂ ಅಷ್ಟರಲ್ಲಿ ಒಂದೇ ಸಲ. ಹಾಗಾಗಿ ಬೆಳಕು ಮಿಂಚಿದಾಗಲೆಲ್ಲ ಕ್ಯಾಮ್ ಅದೇ ಜಾಗದಲ್ಲಿರುತ್ತದೆ. ಅದರ ಮೈಮೇಲೆ ಎಣ್ಣೆ ಹೊಳೆಯುತ್ತಿತ್ತು. ಎಷ್ಟು ಚೆಂದ ಅಂತೀರಿ! ಕ್ಯಾಮ್ ತಳ್ಳಿದಾಗ ವಾಲ್ವನ್ನು ಒತ್ತುವ ರಾಕರ್‌ಗಳಲ್ಲಿ ಒಂದು ಮಾತ್ರ ನಿಲ್ಲದೆ ನಡುಗುತ್ತಿತ್ತು.

ಎಣ್ಣೆ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೈ ಒಳಗೆ ಹೋಗಬಾರದು.

ಮರುದಿನ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕವರ್ ಬಿಚ್ಚಿದೆ. ಆ ರಾಕರಿನ ವಾಲ್ವ್ ಮುಚ್ಚುವ ಹಾಗೆ ಕ್ರ್ಯಾಂಕ್ ತಿರುಗಿಸಿ, ಗ್ಯಾಪ್ ಅಳೆಯುವ ತೆಳು ಪಟ್ಟಿ ಫೀಲರ್ ಗೇಜನ್ನು ರಾಕರ್ ಮತ್ತು ವಾಲ್ವ್ ನಡುವೆ ತೂರಿಸಿದೆ. ಸಲೀಸಾಗಿ ಜಾರಿತು, ಗ್ಯಾಪ್ ಜಾಸ್ತಿ. ಲಾಕ್‌ನಟ್ ಸಡಿಲಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ಅಳತೆಯ ಗೇಜ್ ಸ್ವಲ್ಪ ಬಿಗಿಯಾಗಿ ಎಳೆಯುವ ಹಾಗೆ ಸ್ಕ್ರೂ ತಿರುಗಿಸಿದೆ. ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ತಿರುಗಿಬಿಡುತ್ತದೆ ಅಲ್ವಾ, ಅದಕ್ಕೇ ಮತ್ತೊಮ್ಮೆ ಅಳೆದೆ. ಕವರ್ ಹಾಕಿ ಸ್ಟಾರ್ಟ್ ಮಾಡಿದೆ. ಟಕ್ ಟಕ್ ಇಲ್ಲ.