ಯುದ್ಧಕಾಲದ ಬಿಸಿಲು ಹೆಲ್ಮೆಟ್: ಲಾಂಛನಕ್ಕಿಂತ ಮೊದಲು ಒಳಗೆ ನೋಡಿ

ಹಳೆಯ ಸೇನಾ ಬಿಸಿಲು ಹೆಲ್ಮೆಟ್ ಕೈಗೆ ಬಂದರೆ ಮೊದಲು ಮಗುಚಿ. ತಲೆಪಟ್ಟಿಯ ಚರ್ಮದ ಹಿಂದೆ ಟಾರ್ಚ್ ಬಿಟ್ಟರೆ ಒಡಲು ಯಾವುದರದೆಂದು ಗೊತ್ತಾಗುತ್ತದೆ. ಕಂದು ಬಣ್ಣದ ಹರಳುಗಳು ಕಂಡರೆ ಕಾರ್ಕ್. ಬೆಳ್ಳಗೆ, ಮೆತ್ತಗೆ, ಎತ್ತಿದರೆ ತೂಕವೇ ಇಲ್ಲದಂತಿದ್ದರೆ ಸೋಲಾ ಬೆಂಡು, ಅಂದರೆ ಜೌಗು ಗಿಡವೊಂದರ ತಿರುಳು. ಭಾರತದಲ್ಲಿ ತಯಾರಾದ ಟೋಪಿಗಳಲ್ಲಿ ಇದೇ ಸಾಮಾನ್ಯ. ಬೆರಳಿಂದ ಒತ್ತಿ ಪರೀಕ್ಷಿಸಬೇಡಿ, ಬೆಂಡು ಒಮ್ಮೆ ತಗ್ಗಿದರೆ ಮತ್ತೆ ಏಳುವುದಿಲ್ಲ.

ಬ್ರಿಟಿಷರ ವೂಲ್ಸ್‌ಲಿ ಮಾದರಿಗೆ ಕಾರ್ಕ್ ಒಡಲು, ಮೇಲೆ 6 ತುಂಡುಗಳ ಖಾಕಿ ಬಟ್ಟೆ, ಸುತ್ತ ಮಡಿಕೆಯ ಪಗಡಿ. ಒಳಗೆ ತಯಾರಕರ ಹೆಸರು, ಅಳತೆ, ಇಸವಿ, ಬಾಣದ ಮುದ್ರೆ (ಸರ್ಕಾರಿ ಸ್ವತ್ತಿನ ಗುರುತು) ಹುಡುಕಿ. ಬಾಣದ ಜೊತೆ 'ಐ' ಅಕ್ಷರವಿದ್ದರೆ ಭಾರತದ್ದು. 'ಯು' ಒಳಗೆ ಬಾಣವಿದ್ದರೆ ದಕ್ಷಿಣ ಆಫ್ರಿಕಾದ್ದು. ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಂಡವಕ್ಕೆ ಬಾಣ ಇರುವುದಿಲ್ಲ, ಅಂಗಡಿಯ ಚೀಟಿ ಇರಬಹುದು. ಹಾಗಾಗಿ ಬಾಣವಿಲ್ಲದ್ದೆಲ್ಲ ನಕಲಿಯಲ್ಲ.

ಹೆಚ್ಚು ಮೋಸ ನಡೆಯುವುದು ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಬಳಸಿದ ಜರ್ಮನ್ ಹೆಲ್ಮೆಟ್‌ಗಳಲ್ಲಿ. ಮೊದಲ ಮಾದರಿ ಬಟ್ಟೆ ಹೊದಿಸಿದ ಕಾರ್ಕ್; ಎರಡನೆಯದು ಫೆಲ್ಟ್ (ಒತ್ತಿ ಗಟ್ಟಿ ಮಾಡಿದ ಉಣ್ಣೆ), ಬಟ್ಟೆಯ ಹೊದಿಕೆಯಿಲ್ಲ. ಬಲಕ್ಕೆ ಕಪ್ಪು-ಬಿಳಿ-ಕೆಂಪು ಗುರಾಣಿಯಾಕಾರದ ಲೋಹದ ಲಾಂಛನ, ಎಡಕ್ಕೆ ಹದ್ದಿನ ಲಾಂಛನ. ಸಾಧಾರಣ ನಾಗರಿಕ ಟೋಪಿಗೆ ಹೊಸ ಹದ್ದು ಚುಚ್ಚಿ ಬೆಲೆ ಏರಿಸುವುದು ಹಳೆಯ ಚಾಳಿ. ಗುರಾಣಿಯ ಅಂಚಿನಲ್ಲಿ ನೋಡಿ: ದಶಕಗಳ ಕಾಲ ಅಲ್ಲೇ ಇದ್ದಿದ್ದರೆ ಅದರಡಿಯ ಬಟ್ಟೆ ಮಾಸದೆ ಗಾಢವಾಗಿ ಉಳಿದಿರಬೇಕು. ತೂತಿನ ಅಂಚು ಹೊಸದಾಗಿ ಕಂಡರೆ, ತೂತುಗಳು ಲಾಂಛನದ ಹಿಂಬದಿಯ ಚುಚ್ಚುಕಡ್ಡಿಗಳಿಗಿಂತ ಹೆಚ್ಚಿದ್ದರೆ ಅನುಮಾನಿಸಿ. ನೇರಳಾತೀತ ದೀಪದಡಿ ಹೊಲಿಗೆಯ ದಾರ ನೀಲಿಯಾಗಿ ಹೊಳೆದರೆ ಅದು ಯುದ್ಧಾನಂತರದ್ದಿರಬಹುದು. ಮಾರ್ಜಕದಲ್ಲಿ ಒಗೆದ ಅಸಲಿ ಬಟ್ಟೆಯೂ ಹೊಳೆಯುತ್ತದೆ, ಆದ್ದರಿಂದ ಇದೊಂದನ್ನೇ ನಂಬಬೇಡಿ.

ಅಮೆರಿಕದ ಒತ್ತಿದ ನಾರಿನ ಹೆಲ್ಮೆಟ್‌ನಲ್ಲಿ ಇಸವಿ ಇಲ್ಲದೆ ತೀರ್ಮಾನಿಸಬೇಡಿ, ಯುದ್ಧ ಮುಗಿದ ಮೇಲೂ ಅವು ತಯಾರಾದವು. ವಿಯೆಟ್ನಾಮಿನ ಹಸಿರು ಟೋಪಿಗಳು ಪ್ರವಾಸಿಗರಿಗಾಗಿ ಇಂದಿಗೂ ಬರುತ್ತಿವೆ.

ತಂದದ್ದನ್ನು ತೊಳೆಯಬೇಡಿ: ನೀರು ತಗುಲಿದರೆ ಬೆಂಡು ಉಬ್ಬಿ ಆಕಾರ ಕೆಡುತ್ತದೆ. ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ. ಚರ್ಮಕ್ಕೆ ಎಣ್ಣೆ ಹಚ್ಚಿದರೆ ಬಟ್ಟೆಗೆ ಕಲೆ ಇಳಿಯುತ್ತದೆ. ಭಾರ ಅಂಚಿನ ಮೇಲೆ ಬೀಳದಂತೆ ಒಳಗೆ ಆಮ್ಲರಹಿತ ಕಾಗದದ ಉಂಡೆ ತುಂಬಿಡಿ. ಫೆಲ್ಟ್‌ಗೆ ಹುಳು ಬೇಗ ಹತ್ತುವುದರಿಂದ ಹೊಸದಾಗಿ ಬಂದದ್ದನ್ನು ಕೆಲವು ವಾರ ಬೇರೆಯೇ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟು ಬೇಡ. ತೇವಾಂಶ ಶೇ 50ರ ಆಸುಪಾಸಿನಲ್ಲಿರಲಿ.

100 ವರ್ಷ ದಾಟಿದ ಚಾರಿತ್ರಿಕ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮೊದಲ ಮಹಾಯುದ್ಧದ ಹೆಲ್ಮೆಟ್ಟನ್ನು ವಿದೇಶಕ್ಕೆ ಮಾರುವ ಮುನ್ನ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.