ಬಣ್ಣ ಬದಲಾಗುವ ನೂಲಿಗೆ ಏನು ಹೆಣೆಯಬೇಕು?

ಗ್ರೇಡಿಯಂಟ್ ನೂಲು ಕೊಂಡ ಮೇಲೆ ವಿನ್ಯಾಸ ಹುಡುಕುವ ಮೊದಲು ಸಾಲಿನ ಅಗಲ ಯೋಚಿಸಿ. ಪಟ್ಟೆಯ ದಪ್ಪ ನಿರ್ಧಾರವಾಗುವುದು ಅಲ್ಲೇ. ಒಂದು ಬಣ್ಣ 30 ಮೀಟರ್ ಇದೆ, 60 ಕುಣಿಕೆಯ ಸಾಲಿಗೆ ಸುಮಾರು 1 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ: 30 ಸಾಲು ಬರುತ್ತದೆ. 120 ಕುಣಿಕೆ ಹಾಕಿದರೆ 15 ಸಾಲಿಗೇ ಬಣ್ಣ ಮುಗಿಯಿತು.

ಸ್ವೆಟರ್ ಕೈಕೊಡುವುದು ಇದೇ ಕಾರಣಕ್ಕೆ. ಮೈಭಾಗದಲ್ಲಿ ಸಣ್ಣ ಪಟ್ಟೆ, ತೋಳಿನಲ್ಲಿ ದಪ್ಪ ಪಟ್ಟೆ. ಹೆಣೆಯಲೇಬೇಕೆಂದರೆ ಎರಡೂ ತೋಳನ್ನು ಎರಡು ಉಂಡೆಗಳ ಒಂದೇ ಬಣ್ಣದಿಂದ ಶುರು ಮಾಡಿ, ಆಗ ಅವೆರಡಾದರೂ ಒಂದಕ್ಕೊಂದು ಹೊಂದುತ್ತವೆ.

ನನ್ನ ಕೇಳಿದರೆ ಶಾಲು ಹೆಣೆಯುವುದೇ ಸೈ. ತುದಿಯಿಂದ ಶುರುವಾಗುವ ತ್ರಿಕೋನ ಶಾಲಿನಲ್ಲಿ ಸಾಲು ಅಗಲವಾಗುತ್ತಾ ಹೋಗುವುದರಿಂದ, ಅರ್ಧ ನೂಲು ಮುಗಿಯುವಾಗ ಸುಮಾರು ಶೇ. 70ರಷ್ಟು ಸಾಲು ಆಗಿರುತ್ತದೆ. ಅಂದರೆ ಕೊನೆಯ ಬಣ್ಣಗಳು ತೆಳ್ಳಗೆ ಕಾಣುತ್ತವೆ. ಹೆಚ್ಚು ಕಾಣಬೇಕಾದ ಬಣ್ಣದಿಂದಲೇ ಆರಂಭಿಸಿ. ಅಂಚು ಮುಚ್ಚಲು ಸಾಲಿನ ಅಗಲದ ನಾಲ್ಕು ಪಟ್ಟು ನೂಲು ಉಳಿಸಿ, ಅಡುಗೆಮನೆ ತಕ್ಕಡಿಯಲ್ಲಿ ಆಗಾಗ ತೂಗುತ್ತಿರಿ.

ಕೇಬಲ್ (ಜಡೆಯಂಥ ವಿನ್ಯಾಸ), ಸಣ್ಣ ಲೇಸ್ (ತೂತು ತೂತಿನ ವಿನ್ಯಾಸ) ಬೇಡ, ಬಣ್ಣದಲ್ಲಿ ಮುಳುಗಿಹೋಗುತ್ತವೆ. ಬರೀ ನಿಟ್ (ಸಾದಾ ಹೆಣಿಗೆ) ಸಾಲು ಸಾಕು.

ಕಾರವಾರ, ಕುಮಟಾ ಕಡೆಯ ಸೆಕೆಗೆ ಹತ್ತಿಯದ್ದೇ ಕೊಳ್ಳಿ. ಉಣ್ಣೆ ಶಿರಸಿಯ ಚಳಿಗಾಲಕ್ಕಾಯಿತು. ಹತ್ತಿಯ ಗ್ರೇಡಿಯಂಟ್ ಉಂಡೆಗಳಲ್ಲಿ ಹಲವು ಹುರಿ ಮಾಡದ ನಾಲ್ಕು ಎಳೆಯವು. ಎಳೆ ಒಂದೊಂದಾಗಿ ಗಂಟಿನಿಂದ ಬದಲಾಗುತ್ತದೆ. ಚೂಪು ಕಡ್ಡಿ ಎಳೆ ಸೀಳುತ್ತದೆ, ಮೊಂಡು ತುದಿಯದ್ದು ಬಳಸಿ. ಗಂಟನ್ನು ಹಿಂಬದಿಗೆ ತಳ್ಳಿ, ಕತ್ತರಿಸಬೇಡಿ. ನಾಲ್ಕೂ ಎಳೆ ಸೇರಿದ ಗಂಟು ಸಿಕ್ಕರೆ ಮಾತ್ರ ಮುಂದಿನ ಬಣ್ಣ ಸರಿಯಿದೆಯೇ ನೋಡಿಕೊಳ್ಳಿ.